‘ಏನಾದ್ರೂ ಬೇಕಿದ್ರೆ ಹೇಳಿ’ ಅಂದವರಿಗೆ ಏನು ಹೇಳುವುದು?

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವರ್ಷ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಇದು: "ಏನಾದ್ರೂ ಬೇಕಿದ್ರೆ ಹೇಳಿ." ನಾನು ಅತಿ ಹೆಚ್ಚು ಸಲ ಆಡಿದ್ದು ಒಂದೇ ಪದ: "ಪರವಾಗಿಲ್ಲ."

ನಿಜಕ್ಕೂ ‘ಪರವಾಗಿಲ್ಲ’ ಅನ್ನುವ ಸ್ಥಿತಿ ಇರಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿ ಅಮ್ಮ ಮನೆಗೆ ಬಂದಿದ್ದರು. ದಿನಕ್ಕೆರಡು ಬಾರಿ ವ್ಯಾಯಾಮ ಮಾಡಿಸಬೇಕು, ರಾತ್ರಿ ಎದ್ದು ಬಾತ್‌ರೂಮಿಗೆ ಕರೆದೊಯ್ಯಬೇಕು. ಆಫೀಸಿನಲ್ಲಿ ತಿಂಗಳ ಕೊನೆಯ ವರದಿ. ವಿಮೆಯವರು ಕೇಳಿದ ಮೂರನೇ ಸುತ್ತಿನ ಕಾಗದಪತ್ರ. ಇದೆಲ್ಲದರ ನಡುವೆ ನೀರೆತ್ತುವ ಮೋಟಾರ್ ಕೆಟ್ಟಿತು. ಮೋಟಾರ್ ಕೆಟ್ಟ ದಿನ ಗೆಳೆಯನೊಬ್ಬ ಫೋನ್ ಮಾಡಿ, "ಏನಾದ್ರೂ ಬೇಕಾ? ಸಂಕೋಚ ಬೇಡ, ಹೇಳು" ಅಂದ. ಅವನಿಗೆ ಮೋಟಾರ್ ರಿಪೇರಿಯವರು ಗೊತ್ತು, ಅವನ ಹತ್ತಿರ ಬಿಡುವೂ ಇತ್ತು. ನಾನು ಖಾಲಿ ಬಕೆಟ್ ಹಿಡಿದು ನಿಂತುಕೊಂಡೇ "ಪರವಾಗಿಲ್ಲ ಕಣೋ, ನಡೀತಿದೆ" ಅಂದೆ.

ಆ ಕ್ಷಣವನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಅದು ಸ್ವಾಭಿಮಾನ ಅಂತ ಬಹಳ ದಿನ ಅಂದುಕೊಂಡಿದ್ದೆ. ಸ್ವಾಭಿಮಾನದ ಪಾಲು ಇತ್ತು ನಿಜ, ಆದರೆ ಅಸಲಿ ಕಾರಣ ಇನ್ನೂ ಸರಳವಾಗಿತ್ತು. ಅವನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ತಲೆಯಲ್ಲಿ ಸಿದ್ಧವಿರಲಿಲ್ಲ. ಉತ್ತರ ಹುಡುಕಬೇಕಾದರೆ ಯೋಚಿಸಬೇಕಿತ್ತು, ಆ ಯೋಚನೆಯೂ ಇನ್ನೊಂದು ಕೆಲಸವಾಗಿ ಕಂಡಿತು. ‘ಪರವಾಗಿಲ್ಲ’ ಅಂದರೆ ಆ ಒಂದು ಕೆಲಸವಾದರೂ ತಪ್ಪುತ್ತದೆ.

ಹೊರೆ ಬಿಚ್ಚುವವರು ಯಾರು

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆ ಗಾದೆ ಹೇಳದೆ ಬಿಟ್ಟ ಸಂಗತಿಯೊಂದಿದೆ. ತಲೆಯ ಮೇಲಿನ ಹೊರೆ ಹತ್ತು ಕಡ್ಡಿಯಾಗಬೇಕಾದರೆ ಯಾರೋ ಅದನ್ನು ಕೆಳಗಿಳಿಸಿ, ಕಟ್ಟು ಬಿಚ್ಚಿ, ಇದು ನಿನಗೆ, ಇದು ನಿನಗೆ ಎಂದು ಹಂಚಬೇಕು. ಹೊರೆ ಹೊತ್ತು ನಿಂತವನ ಎರಡೂ ಕೈ ಹೊರೆಯನ್ನೇ ಹಿಡಿದಿರುತ್ತವೆ. ಸಹಾಯ ಕೇಳುವುದು ಕಷ್ಟವಾಗುವ ಮುಖ್ಯ ಕಾರಣ ಇಲ್ಲಿದೆ ಎಂದು ನನಗನ್ನಿಸುತ್ತದೆ. ಧೈರ್ಯ, ಅಹಂಕಾರ, ಸಂಕೋಚ ಎಲ್ಲ ಆಮೇಲಿನ ಮಾತು.

ಮಿದುಳಿನ ಮಿತಿಯೂ ಇದಕ್ಕೆ ಸೇರುತ್ತದೆ. ಒಂದು ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ತಿರುಗಿಸಿ ನೋಡಬಹುದಾದ ವಿಷಯಗಳು ಸುಮಾರು ನಾಲ್ಕು ಮಾತ್ರ ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗಿಟ್ಟು ತೋರಿಸಿದರು. ಹದಿನೈದು ಚಿಂತೆಗಳು ಆ ನಾಲ್ಕು ಜಾಗಕ್ಕೆ ನೂಕಾಡಿದರೆ ಯಾವುದೂ ನೆಟ್ಟಗೆ ಕೂರುವುದಿಲ್ಲ. ಅದರ ಮೇಲೆ ಒತ್ತಡ ಬೇರೆ. ಹಣೆಯ ಹಿಂಬದಿಯಲ್ಲಿರುವ ಮುಮ್ಮಿದುಳಿನ ಭಾಗ ಯೋಜನೆ, ಆದ್ಯತೆ, ವಿಂಗಡಣೆಯನ್ನು ನೋಡಿಕೊಳ್ಳುತ್ತದೆ. ನಮ್ಮ ಹತೋಟಿ ಮೀರಿದ ಒತ್ತಡ ಬಂದಾಗ ಮೊದಲು ಮಂಕಾಗುವುದು ಇದೇ ಭಾಗ ಎಂಬುದನ್ನು ನರವಿಜ್ಞಾನಿ ಆಮಿ ಆರ್ನ್‌ಸ್ಟನ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅಂದರೆ ಸಹಾಯ ಕೇಳಲು ಬೇಕಾದ ಶಕ್ತಿ ಸಹಾಯ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಹಾಗಾಗಿ "ಏನಾದ್ರೂ ಬೇಕಿದ್ರೆ ಹೇಳಿ" ಎಂಬ ಒಳ್ಳೆಯ ಮನಸ್ಸಿನ ಮಾತು ಎದುರಿನವರ ಕಿವಿಗೆ "ನಿಮ್ಮ ಬದುಕನ್ನೆಲ್ಲ ಒಮ್ಮೆ ವಿಂಗಡಿಸಿ, ಅದರಲ್ಲಿ ನನಗೆ ಹೊಂದುವ ತುಂಡು ಯಾವುದು ಅಂತ ಆರಿಸಿ, ನನಗೆ ಬಿಡುವಿರೋ ಸಮಯ ಊಹಿಸಿ, ಆಮೇಲೆ ತಿಳಿಸಿ" ಎಂಬಂತೆ ಬೀಳುತ್ತದೆ.

ಇದು ಅರ್ಥವಾದರೆ ಮೊದಲು ಯಾವ ಸಹಾಯ ಕೇಳಬೇಕು ಎಂಬುದೂ ಅರ್ಥವಾಗುತ್ತದೆ. ಬಿಚ್ಚುವ ಸಹಾಯವನ್ನೇ ಮೊದಲು ಕೇಳಬೇಕು. "ನನಗೆ ಏನು ಬೇಕು ಅನ್ನೋದೇ ಗೊತ್ತಾಗ್ತಿಲ್ಲ. ಅರ್ಧ ಗಂಟೆ ಜೊತೆಗೆ ಕೂತು ಪಟ್ಟಿ ಮಾಡಿಸ್ತೀಯಾ?" ಇಷ್ಟು ಹೇಳಲು ಯಾವ ತಯಾರಿಯೂ ಬೇಡ. ಎಲ್ಲ ಕೆಲಸವನ್ನೂ ಬಲ್ಲವರೇ ಬೇಕೆಂದಿಲ್ಲ, ಪೆನ್ನು ಹಿಡಿದು "ಆಮೇಲೆ?" "ಮತ್ತೆ?" ಎಂದು ಕೇಳುತ್ತಾ ಹೋಗುವವರಿದ್ದರೆ ಸಾಕು.

ನನಗೆ ಹಾಗೆ ಕೂರಿಸಿ ಬರೆಸಿದವರು ಎದುರು ಮನೆಯ ಅಕ್ಕ. ಅಮ್ಮನ ರಕ್ತಪರೀಕ್ಷೆಯ ವರದಿಯ ಹಿಂಬದಿಯಲ್ಲೇ ಬರೆದರು. ನಾನು "ಎಲ್ಲಾ ನಾನೇ ಮಾಡ್ಬೇಕು ಅಕ್ಕ, ಯಾವ್ದೂ ಬೇರೆಯವ್ರಿಗೆ ಕೊಡೋ ಹಾಗಿಲ್ಲ" ಅನ್ನುತ್ತಲೇ ಇದ್ದೆ. ಹದಿನೇಳು ಸಾಲು ಆಯಿತು. ಅಕ್ಕ ಪೆನ್ನಿನ ತುದಿಯಿಂದ ಒಂದೊಂದನ್ನೇ ಮುಟ್ಟಿ "ಇದಕ್ಕೆ ನೀನೇ ಬೇಕಾ?" ಎಂದು ಕೇಳಿದರು. ಡಾಕ್ಟರ ಹತ್ತಿರ ಮಾತಾಡುವುದಕ್ಕೆ ನಾನೇ ಬೇಕು. ಅಮ್ಮನ ಸ್ನಾನಕ್ಕೆ ನಾನೇ ಬೇಕು, ಬೇರೆಯವರಾದರೆ ಅಮ್ಮನಿಗೆ ಮುಜುಗರ. ಆಫೀಸಿನ ವರದಿಗೆ ನಾನೇ. ಮೋಟಾರಿಗೆ? ವಿಮೆ ಕಾಗದದ ಜೆರಾಕ್ಸಿಗೆ? ಸಂಜೆ ಅಮ್ಮನ ಜೊತೆ ಕೂರುವುದಕ್ಕೆ? ಕೊನೆಗೆ ನಾನೇ ಆಗಬೇಕಾದದ್ದು ಆರು ಉಳಿಯಿತು. ಎರಡು ಸಾಲನ್ನು ಅಕ್ಕ ಹೊಡೆದೇ ಹಾಕಿದರು, ಅವನ್ನು ಯಾರೂ ಮಾಡಬೇಕಿರಲಿಲ್ಲ.

ಬರೆದ ಮೇಲೆ ಒಂದೂ ಕೆಲಸ ಆಗಿರಲಿಲ್ಲ, ಆದರೂ ಎದೆಯ ಭಾರ ಅರ್ಧ ಇಳಿದಿತ್ತು. ಇದು ನನ್ನೊಬ್ಬನ ಭ್ರಮೆಯಲ್ಲ. ಮುಗಿಯದ ಕೆಲಸಗಳು ತಲೆಯೊಳಗೆ ಪದೇ ಪದೇ ಬಾಗಿಲು ಬಡಿಯುತ್ತಿರುತ್ತವೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಗೊತ್ತುಮಾಡಿಕೊಂಡವರಿಗೆ ಆ ಬಡಿತ ನಿಂತುಹೋಗಿತ್ತು. ಕೆಲಸ ಮುಗಿಯಬೇಕೆಂದೇನಿಲ್ಲ, ಅದಕ್ಕೊಂದು ಜಾಗ ಸಿಕ್ಕಿದರೆ ಮನಸ್ಸು ಸುಮ್ಮನಾಗುತ್ತದೆ.

ಅವರಿಗೆ ಕಾಣಿಸುವುದಿಲ್ಲವೇ?

"ನನ್ನ ಸ್ಥಿತಿ ನೋಡಿದ್ರೆ ಗೊತ್ತಾಗಲ್ವಾ? ಬಾಯಿಬಿಟ್ಟು ಕೇಳ್ಬೇಕಾ?" ಈ ಸಿಟ್ಟು ಬಹಳ ಮನೆಗಳಲ್ಲಿ ಒಳಗೊಳಗೇ ಕುದಿಯುತ್ತದೆ, ಗಂಡ ಹೆಂಡಿರ ನಡುವೆ ಇನ್ನೂ ಜಾಸ್ತಿ. ಅದಕ್ಕೆ ಉತ್ತರ: ಇಲ್ಲ, ಗೊತ್ತಾಗುವುದಿಲ್ಲ.

1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಮಾಡಿದಳು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಇನ್ನೊಬ್ಬರು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟು ಹಾಡುಗಳಾದರೂ ಗೊತ್ತಾಗುತ್ತವೆ ಎಂದು ಕುಟ್ಟುವವರು ನಂಬಿದ್ದರು. 120 ಹಾಡುಗಳಲ್ಲಿ ಪತ್ತೆಯಾದದ್ದು 3. ಕುಟ್ಟುವವರ ತಲೆಯೊಳಗೆ ಇಡೀ ಹಾಡು ರಾಗ ಸಮೇತ ಮೊಳಗುತ್ತಿರುತ್ತದೆ. ಎದುರಿನವರಿಗೆ ಕೇಳಿಸುವುದು ಬರೀ ಟಕ್ ಟಕ್.

ಪಾತ್ರೆ ಸ್ವಲ್ಪ ಜೋರಾಗಿ ಇಟ್ಟಿದ್ದು, ಉತ್ತರ ಒಂದೇ ಪದದಲ್ಲಿ ಕೊಟ್ಟಿದ್ದು, ರಾತ್ರಿ ಬೇಗ ಮಲಗಿದ್ದು, ಇವೆಲ್ಲ ನಾವು ಕುಟ್ಟಿದ ತಾಳ. ಬೇರೆಯವರಿಗೆ ಅದು ಹಾಡಾಗಿ ಕೇಳುವುದಿಲ್ಲ. ಹತ್ತಿರದವರು ಎಂಬ ಕಾರಣಕ್ಕೆ ಕೇಳಿಸಲೇಬೇಕೆಂದೂ ಇಲ್ಲ.

ಇನ್ನೊಂದು ತಪ್ಪು ಲೆಕ್ಕವೂ ಇದೆ: ಕೇಳಿದರೆ ಇಲ್ಲ ಅಂದುಬಿಡುತ್ತಾರೆ ಎಂಬುದು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಬೋನ್ಸ್ 2008ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ವಿದ್ಯಾರ್ಥಿಗಳನ್ನು ಅಪರಿಚಿತರ ಬಳಿ ಸಣ್ಣಪುಟ್ಟ ಸಹಾಯ ಕೇಳಲು ಕಳಿಸಿದರು. ಐದು ಜನರಿಂದ ಒಂದು ಪ್ರಶ್ನಾವಳಿ ತುಂಬಿಸಲು ಎಷ್ಟು ಜನರನ್ನು ಕೇಳಬೇಕಾಗಬಹುದು ಎಂದರೆ ಅವರ ಅಂದಾಜು ಸುಮಾರು 20. ಕೇಳಬೇಕಾಗಿ ಬಂದದ್ದು ಸುಮಾರು 10. ಮೂವರ ಮೊಬೈಲಿನಿಂದ ಒಂದು ಕರೆ ಮಾಡಿಕೊಳ್ಳಲು ಹತ್ತು ಜನ ಬೇಕಾಗಬಹುದು ಅಂದುಕೊಂಡರು, ಆರೇ ಸಾಕಾಯಿತು. ಕಾರಣ ಇಷ್ಟೇ. ಕೇಳುವವರು ‘ಅವರಿಗೆ ಎಷ್ಟು ತೊಂದರೆಯಾಗುತ್ತೆ’ ಎಂಬುದನ್ನು ಲೆಕ್ಕ ಹಾಕುತ್ತಾರೆ. ಕೇಳಿಸಿಕೊಂಡವರಿಗೆ ‘ಮುಖಕ್ಕೆ ಮುಖ ಕೊಟ್ಟು ಇಲ್ಲ ಅನ್ನೋದು ಹೇಗೆ’ ಎಂಬುದೇ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ದಾಕ್ಷಿಣ್ಯ ಅನ್ನುವುದು ಇದನ್ನೇ. ಕೇಳಿಸಿಕೊಂಡವರ ಹಿಂಜರಿಕೆಗೆ ನಮ್ಮ ಭಾಷೆಯಲ್ಲಿ ಹೆಸರೇ ಇರುವಾಗ, ಕೇಳುವ ಸರದಿ ಬಂದಾಗ ಅದನ್ನು ಮರೆಯುತ್ತೇವೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ದಾಕ್ಷಿಣ್ಯಕ್ಕೆ ಹೂಂ ಅನ್ನುವವರಿದ್ದಾರೆ ಎಂದರೆ ಕೇಳುವವರ ಮೇಲೆ ಜವಾಬ್ದಾರಿಯಿದೆ ಎಂದರ್ಥ. ಇಲ್ಲ ಅನ್ನಲು ಅವರಿಗೊಂದು ಬಾಗಿಲು ತೆರೆದಿಟ್ಟೇ ಕೇಳಬೇಕು.

ಒಂದು ಸಂದೇಶವನ್ನು ಬಿಡಿಸಿ ನೋಡೋಣ

ನಾನು ಮೊದಲು ಟೈಪ್ ಮಾಡಿ ಅಳಿಸಿದ ಸಂದೇಶ ಹೀಗಿತ್ತು: "ಸಾರಿ, ತೊಂದ್ರೆ ಕೊಡ್ತಿದ್ದೀನಿ. ನಿಮಗೆ ಟೈಮ್ ಇದ್ರೆ, ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ, ಯಾವತ್ತಾದ್ರೂ ಒಂದಿನ ಅಮ್ಮನ ಹತ್ರ ಸ್ವಲ್ಪ ಹೊತ್ತು ಇರೋಕಾಗುತ್ತಾ ಅಂತ." ಇದರಲ್ಲಿ ಕ್ಷಮೆ ಮೂರು ಪಾಲು, ವಿಷಯ ಒಂದು ಪಾಲು. ಯಾವತ್ತು? ಎಷ್ಟು ಹೊತ್ತು? ಬಂದು ಏನು ಮಾಡಬೇಕು? ಓದಿದವರು ಇಷ್ಟನ್ನೂ ಊಹಿಸಬೇಕು. ಗೊತ್ತಿಲ್ಲದ ಅಳತೆಯ ಹೊರೆಗೆ ಹೆಗಲು ಕೊಡಲು ಯಾರಿಗಾದರೂ ಅಳುಕೇ.

ಅಕ್ಕ ಪಟ್ಟಿ ಬರೆಸಿದ ಮೇಲೆ ಅವರಿಗೇ ಕಳಿಸಿದ್ದು ಇದು: "ಅಕ್ಕ, ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ಅಮ್ಮನ ಜೊತೆ ಕೂತಿರೋಕಾಗುತ್ತಾ? ನನಗೆ ಆಫೀಸ್ ಮೀಟಿಂಗ್ ಇದೆ. ಆ ಹೊತ್ತಲ್ಲಿ ಮಾತ್ರೆ ಕೊಡೋದೇನೂ ಇರಲ್ಲ. ಎದ್ದು ಓಡಾಡೋಕೆ ಹೋದ್ರೆ ಕೈ ಹಿಡ್ಕೊಂಡ್ರೆ ಸಾಕು. ಆಗಲ್ಲ ಅಂದ್ರೆ ಬುಧವಾರ ರಾತ್ರಿಯೊಳಗೆ ಹೇಳಿಬಿಡಿ, ಚಿಕ್ಕಪ್ಪನ ಮಗನ್ನ ಕೇಳ್ತೀನಿ."

ದಿನ ಇದೆ, ಗಂಟೆ ಇದೆ, ಕೊನೆಯಾಗುವ ಹೊತ್ತೂ ಇದೆ. ಯಾಕೆ ಎಂಬುದು ಒಂದೇ ಸಾಲಿನಲ್ಲಿದೆ. ಏನು ಮಾಡಬೇಕು, ಏನು ಬೇಡ ಎಂಬುದಿದೆ. ಎಲ್ಲಕ್ಕಿಂತ ಮುಖ್ಯವಾಗಿ ಇಲ್ಲ ಅನ್ನಲು ದಾರಿಯಿದೆ, ಮತ್ತು ಆ ದಾರಿ ಹಿಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬ ಭರವಸೆಯೂ ಇದೆ. ‘ಆಗ್ಲಿಲ್ಲ ಅಂದ್ರೂ ಪರವಾಗಿಲ್ಲ’ ಅನ್ನುವುದಕ್ಕೂ ‘ಆಗಲ್ಲ ಅಂದ್ರೆ ಬುಧವಾರದೊಳಗೆ ಹೇಳಿ’ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಕೋರಿಕೆಯನ್ನೇ ತೆಳುಮಾಡುತ್ತದೆ. ಎರಡನೆಯದು ಎದುರಿನವರ ಉತ್ತರಕ್ಕೆ ಬೆಲೆ ಕೊಡುತ್ತದೆ.

ಇದನ್ನು ಒಬ್ಬರಿಗೆ, ಹೆಸರು ಹಿಡಿದು ಕಳಿಸಬೇಕು. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಯಾರಾದ್ರೂ ಬರೋಕಾಗುತ್ತಾ?" ಎಂದು ಹಾಕಿ ನಾಲ್ಕು ಕೈಮುಗಿದ ಚಿತ್ರ ಬಂದು, ಒಬ್ಬರೂ ಬರದೆ ಇದ್ದ ಅನುಭವ ನನ್ನೊಬ್ಬನದಲ್ಲ ಅಂದುಕೊಳ್ಳುತ್ತೇನೆ. ಅವರು ಕಲ್ಲು ಮನಸ್ಸಿನವರು ಅಂತಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂತವರು ಮೈಕಿನಲ್ಲಿ ಮಾತಾಡುತ್ತಿರುವಾಗ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸುತ್ತದೆ. ತಾನೊಬ್ಬನೇ ಕೇಳಿಸಿಕೊಂಡೆ ಅಂದುಕೊಂಡವರಲ್ಲಿ ಶೇ. 85 ಮಂದಿ ಅದು ಮುಗಿಯುವುದರೊಳಗೆ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31. ಹೊಣೆ ಐದು ಪಾಲಾದರೆ ಒಬ್ಬೊಬ್ಬರ ಕೈಗೂ ಚೂರು ಬರುತ್ತದೆ, ಆ ಚೂರಿಗೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಗುಂಪಿಗೆ ಸುದ್ದಿ ತಿಳಿಸಿ, ಕೋರಿಕೆಯನ್ನು ಬೇರೆ ಬೇರೆಯಾಗಿ ಒಬ್ಬೊಬ್ಬರಿಗೆ ಇಡಿ.

ಸಾಧ್ಯವಿದ್ದರೆ ಬರೆಯುವುದಕ್ಕಿಂತ ಎದುರಿಗೆ ಕೇಳಿ, ಅಥವಾ ಫೋನ್ ಮಾಡಿ. ಮಹ್ದಿ ರೋಘನಿಜಾದ್ ಮತ್ತು ಬೋನ್ಸ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರನ್ನು ಎದುರಾಎದುರು ಕೇಳಿದಾಗ ಒಪ್ಪಿದವರು ಇಮೇಲಿಗಿಂತ 34 ಪಟ್ಟು ಹೆಚ್ಚು. ಗೊತ್ತಿರುವವರ ನಡುವೆ ಅಂತರ ಇಷ್ಟು ದೊಡ್ಡದಿರಲಾರದು, ಆದರೂ ದಿಕ್ಕು ಅದೇ. ಮಾತು ಹೊರಡದಷ್ಟು ಸುಸ್ತಾಗಿದ್ದರೆ ಮಾತ್ರ ಸಂದೇಶವೇ ಸರಿ. ಕೇಳದೆ ಇರುವುದಕ್ಕಿಂತ ಬರೆದು ಕೇಳುವುದು ಸಾವಿರ ಪಾಲು ಮೇಲು.

ಅವರು "ಈ ಸಲ ಆಗಲ್ಲ" ಅಂದರೆ? ನೋವಾಗುತ್ತದೆ, ಹೆಸರನ್ನು ಮನಸ್ಸಿನಲ್ಲೇ ಹೊಡೆದುಹಾಕುತ್ತೇವೆ. ಇದೂ ತಪ್ಪು ಲೆಕ್ಕವೇ. ಒಮ್ಮೆ ನಿರಾಕರಿಸಿದವರು ಮುಂದಿನ ಸಲವೂ ನಿರಾಕರಿಸುತ್ತಾರೆ ಎಂದು ಕೇಳುವವರು ಭಾವಿಸುತ್ತಾರೆ, ನಿಜದಲ್ಲಿ ಅವರ ಊಹೆಗಿಂತ ಹೆಚ್ಚು ಜನ ಎರಡನೇ ಸಲ ಒಪ್ಪುತ್ತಾರೆ ಎಂದು ಡೇನಿಯಲ್ ನ್ಯೂವಾರ್ಕ್, ಫ್ಲಿನ್, ಬೋನ್ಸ್ 2014ರಲ್ಲಿ ತೋರಿಸಿದರು. ಮೊದಲ ಸಲ ಇಲ್ಲ ಅಂದ ಇರುಸುಮುರುಸು ಅವರಲ್ಲೂ ಉಳಿದಿರುತ್ತದೆ.

ಆದರೆ ಎಲ್ಲರನ್ನೂ ಕೇಳಬೇಕೆಂದಿಲ್ಲ. ಕೊಟ್ಟದ್ದನ್ನು ನಾಲ್ಕು ಜನರ ಮುಂದೆ ಎಣಿಸುವವರು, ಸಹಾಯಕ್ಕೆ ಬಂದು ಮನೆಯ ಯಜಮಾನಿಕೆ ಹಿಡಿಯುವವರು, ನಮ್ಮ ಗುಟ್ಟನ್ನು ಮುಂದಿನ ಮನೆಗೆ ಹೊತ್ತೊಯ್ಯುವವರು ಎಲ್ಲ ಕಡೆಯೂ ಇರುತ್ತಾರೆ. ಅವರನ್ನು ಬಿಟ್ಟು ಕೇಳುವುದು ಅಹಂಕಾರವಲ್ಲ, ವಿವೇಕ.

ಆಫೀಸಿನ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಅಲ್ಲಿ "ನನ್ನಿಂದ ಆಗ್ತಿಲ್ಲ" ಎಂಬುದು ಕೇಳುವವರ ಕಿವಿಗೆ ದೂರಾಗಿ ಬೀಳುತ್ತದೆ. "ಈ ವಾರ ನನ್ನ ಕೈಲಿ ಈ ಮೂರು ಇವೆ, ಎರಡು ಮುಗಿಸಬಲ್ಲೆ. ಯಾವುದನ್ನ ಮುಂದಕ್ಕೆ ಹಾಕೋಣ?" ಎಂದರೆ ಅದು ತೀರ್ಮಾನ ಬೇಡುವ ಪ್ರಶ್ನೆಯಾಗುತ್ತದೆ, ತೀರ್ಮಾನಿಸುವುದು ಮೇಲಿನವರ ಕೆಲಸ. ಹೀಗೆ ಕೇಳಿದರೂ "ಮೂರೂ ಬೇಕು" ಅನ್ನುವ ಮೇಲಧಿಕಾರಿಗಳಿದ್ದಾರೆ, ಅವರಿಗೆ ನನ್ನ ಬಳಿಯೂ ಮದ್ದಿಲ್ಲ.

ಕೈ ಬೇಕೋ, ಕಿವಿ ಬೇಕೋ

ಕನ್ನಡದಲ್ಲಿ ಒಂದು ಸೊಗಸಿದೆ. ‘ಕೇಳು’ ಎಂಬ ಒಂದೇ ಕ್ರಿಯಾಪದ ಬೇಡುವುದಕ್ಕೂ ಆಗುತ್ತದೆ, ಆಲಿಸುವುದಕ್ಕೂ ಆಗುತ್ತದೆ. ಸಹಾಯದ ವಿಷಯದಲ್ಲಿ ಬಹಳಷ್ಟು ಗೊಂದಲ ಹುಟ್ಟುವುದು ಈ ಎರಡರ ನಡುವೆ. ಒಬ್ಬಳು ತನ್ನ ಅಕ್ಕನಿಗೆ ಫೋನ್ ಮಾಡಿ ಮಗುವಿನ ಜ್ವರ, ನಿದ್ದೆಯಿಲ್ಲದ ರಾತ್ರಿ, ಕೆಲಸದ ಕಿರಿಕಿರಿ ಎಲ್ಲವನ್ನೂ ತೋಡಿಕೊಳ್ಳುತ್ತಾಳೆ. ಅಕ್ಕ "ನೀನು ಹೀಗೆ ಮಾಡು, ಹಾಗೆ ಮಾಡು" ಎಂದು ಏಳು ಸಲಹೆ ಕೊಡುತ್ತಾಳೆ. ತಂಗಿಗೆ ರೇಗುತ್ತದೆ, ಅಕ್ಕನಿಗೆ ‘ಒಳ್ಳೇದು ಹೇಳಿದ್ರೂ ತಪ್ಪಾ’ ಅನ್ನಿಸುತ್ತದೆ. ಇಬ್ಬರದೂ ತಪ್ಪಿಲ್ಲ. ತಂಗಿಗೆ ಬೇಕಿದ್ದದ್ದು ಕಿವಿ, ಅಕ್ಕ ಕೊಟ್ಟದ್ದು ದಾರಿಯ ನಕ್ಷೆ.

ಮೊದಲೇ ಹೇಳಿಬಿಟ್ಟರೆ ಈ ತೊಡಕು ಇರುವುದಿಲ್ಲ. "ಪರಿಹಾರ ಏನೂ ಬೇಡ, ಹತ್ತು ನಿಮಿಷ ಸುಮ್ನೆ ಕೇಳಿಸ್ಕೋ." ಅಥವಾ ಉಲ್ಟಾ: "ಸಮಾಧಾನ ಹೇಳ್ಬೇಡ, ಈ ಫಾರ್ಮ್ ತುಂಬೋದು ಹೇಗೆ ಅಂತ ಹೇಳು." ಒಬ್ಬರೇ ಎಲ್ಲ ಬಗೆಯ ಸಹಾಯಕ್ಕೂ ಒದಗುವುದಿಲ್ಲ. ಕಷ್ಟ ಕೇಳಿಸಿಕೊಳ್ಳಲು ಬಾರದ ಚಿಕ್ಕಪ್ಪ ವಿಮೆ ಕಾಗದವನ್ನು ಒಂದೇ ಮಧ್ಯಾಹ್ನ ಮುಗಿಸಿಕೊಡಬಲ್ಲ. ಯಾರ ಹತ್ತಿರ ಏನಿದೆಯೋ ಅದನ್ನೇ ಕೇಳಿದರೆ ನಿರಾಸೆ ಅರ್ಧ ಕಡಿಮೆ.

ಮನೆಯವರಿಂದ ಆಗದ್ದು

ಕೆಲವು ಹೊರೆಯನ್ನು ಬಿಚ್ಚಿ ಹಂಚಿದರೂ ಅದು ಇಳಿಯುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ದಿನದ ಬಹುಪಾಲು ಮನಸ್ಸು ಕುಸಿದೇ ಇದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ನಿದ್ದೆ ಹಸಿವು ಎರಡೂ ಕೆಟ್ಟಿದ್ದರೆ ಅದನ್ನು ‘ಟೆನ್ಷನ್’ ಎಂದು ತಳ್ಳಿಹಾಕಬಾರದು. ಎರಡು ವಾರ ಎಂಬುದು ಖಿನ್ನತೆಯನ್ನು ಗುರುತಿಸಲು ವೈದ್ಯರು ಬಳಸುವ ಅಳತೆ. ಡಾಕ್ಟರ ಎದುರು ಕೂತಾಗಲೂ ಪಟ್ಟಿಯ ಕಾಗದವೇ ಕೆಲಸಕ್ಕೆ ಬರುತ್ತದೆ. ಯಾವಾಗಿನಿಂದ, ನಿದ್ದೆ ಎಷ್ಟು, ಯಾವ ಕೆಲಸ ನಿಂತುಹೋಗಿದೆ ಎಂದು ನಾಲ್ಕು ಸಾಲು ಬರೆದುಕೊಂಡು ಹೋದರೆ ಅಲ್ಲಿ ಬಾಯಿಗೆ ಬಂದ ‘ಪರವಾಗಿಲ್ಲ’ವನ್ನು ಕಾಗದ ತಡೆಯುತ್ತದೆ.

ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಪಟ್ಟಿಗೂ ಕಾಯಬೇಡಿ, ಬೆಳಗಾಗಲೆಂದೂ ಕಾಯಬೇಡಿ. ಹತ್ತಿರವಿರುವ ಒಬ್ಬರಿಗೆ ಆ ಮಾತನ್ನು ಅದೇ ಪದಗಳಲ್ಲಿ ಹೇಳಿ, ಒಬ್ಬರೇ ಇರಬೇಡಿ. ದೂರವಾಣಿಯಲ್ಲಿ ಹಗಲು ರಾತ್ರಿ ಮಾತಿಗೆ ಸಿಗುವವರೂ ಇದ್ದಾರೆ: ಭಾರತದಲ್ಲಿ ಟೆಲಿ ಮಾನಸ್ 14416, ಅಮೆರಿಕದಲ್ಲಿ 988, ಬ್ರಿಟನ್ನಿನಲ್ಲಿ ಸಮಾರಿಟನ್ಸ್ 116 123. ಕರೆ ಮಾಡಿ ಏನು ಹೇಳಬೇಕೆಂದು ತೋಚದಿದ್ದರೆ "ಏನು ಹೇಳ್ಬೇಕು ಗೊತ್ತಾಗ್ತಿಲ್ಲ" ಎಂದೇ ಶುರುಮಾಡಬಹುದು. ಉಳಿದದ್ದನ್ನು ಆ ಕಡೆಯವರು ಕೇಳಿಕೊಳ್ಳುತ್ತಾರೆ.

ಮಡಚಿದ ಹೊದಿಕೆಗಳು

ಕೇಳುವುದಾದ ಮೇಲೆ ತೆಗೆದುಕೊಳ್ಳುವುದು ಬೇರೆಯದೇ ವಿದ್ಯೆ. ನಾನು ಇದರಲ್ಲಿ ಮೊದಲ ವಾರವೇ ಎಡವಿದೆ.

ಗುರುವಾರ ಅಕ್ಕ ಬಂದು ಕೂತರು. ಅಮ್ಮನಿಗೆ ಜೊಂಪು ಹತ್ತಿದಾಗ ಸುಮ್ಮನಿರಲಾರದೆ ಒಣಗಿದ ಹೊದಿಕೆಗಳನ್ನೆಲ್ಲ ಮಡಚಿ ಮಂಚದ ತುದಿಗಿಟ್ಟಿದ್ದರು. ನಾಲ್ಕು ಮಡಿಕೆ, ದಪ್ಪ ದಪ್ಪ. ನಮ್ಮ ಕಪಾಟಿನ ಅರೆಗೆ ಎಂಟು ಮಡಿಕೆ ಬೇಕು. ಅವರು ಹೋದ ಮೇಲೆ, ರಾತ್ರಿ ಹನ್ನೊಂದಕ್ಕೆ, ಕಣ್ಣು ಎಳೆಯುತ್ತಿದ್ದರೂ ನಾನು ಎಲ್ಲವನ್ನೂ ಬಿಡಿಸಿ ಮತ್ತೆ ಮಡಚಿದೆ. ಮಾರನೇ ವಾರ ಅಕ್ಕ ಹೊದಿಕೆ ತೆಗೆಯಲು ಕಪಾಟು ತೆರೆದು ನೋಡಿ, "ಓ, ಮತ್ತೆ ಮಡಚಿದ್ಯಾ?" ಅಂದರು, ಅಷ್ಟೆ. ಅದಾದ ಮೇಲೆ ಅವರು ಬಟ್ಟೆ ಮುಟ್ಟಲಿಲ್ಲ. ಎಂಟು ಮಡಿಕೆಗಾಗಿ ಕಳೆದುಕೊಂಡದ್ದು ವಾರಕ್ಕೆ ಅರ್ಧ ಗಂಟೆಯ ಕೆಲಸ.

ಮಾತ್ರೆಯ ವಿಷಯವಾದರೆ ಬೇರೆ. ಅಲ್ಲಿ ನನ್ನ ಕ್ರಮವೇ ನಡೆಯಬೇಕಿತ್ತು, ಒಂದು ಹೆಚ್ಚುಕಡಿಮೆಯಾದರೂ ಅಪಾಯ. ಆದರೆ ನಾನು ಹೊದಿಕೆಯನ್ನೂ ಮಾತ್ರೆಯಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದೆ. ಕೆಲಸ ಬಿಟ್ಟುಕೊಡುವಾಗ ಯಾವುದನ್ನು ಹೀಗೇ ಮಾಡಬೇಕು, ಯಾವುದನ್ನು ಹೇಗಾದರೂ ಮಾಡಬಹುದು ಎಂದು ಮೊದಲೇ ಬೇರೆ ಮಾಡಿಕೊಳ್ಳಬೇಕು. ಮೊದಲನೆಯ ಗುಂಪು ನಾವಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು.

ಸಹಾಯ ಪಡೆದಾಗ ಹಗುರಾಗುವ ಬದಲು ಕುಗ್ಗಿದಂತೆ ಅನ್ನಿಸಿದರೆ ಅದೂ ವಿಚಿತ್ರವಲ್ಲ. ನಿಯಲ್ ಬೋಲ್ಗರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೋಡಿಗಳು ದಿನವೂ ದಿನಚರಿ ಬರೆದವು, ಪ್ರತಿ ಜೋಡಿಯಲ್ಲೂ ಒಬ್ಬರು ವಕೀಲಿಕೆಯ ಕಠಿಣ ಪರೀಕ್ಷೆಗೆ ಓದುತ್ತಿದ್ದರು. ಸಂಗಾತಿ ಆಸರೆ ಕೊಟ್ಟಿದ್ದು, ಆದರೆ ಓದುವವರಿಗೆ ಅದು ಸಹಾಯವೆಂದು ಅರಿವಿಗೆ ಬಾರದ್ದು, ಅಂಥದ್ದೇ ಹೆಚ್ಚು ಫಲ ಕೊಟ್ಟಿತ್ತು. ಎದ್ದು ಕಾಣುವ ಸಹಾಯ ‘ನನ್ನಿಂದ ಆಗ್ತಿಲ್ಲ’ ಎಂಬುದನ್ನು ಮತ್ತೆ ನೆನಪಿಸುತ್ತದೆ. ಸಹಾಯಕ್ಕೆ ಹೋಗುವವರು ಇದನ್ನು ಗಮನದಲ್ಲಿಡಬೇಕು. "ಏನಾದ್ರೂ ಬೇಕಿದ್ರೆ ಹೇಳಿ" ಎಂಬುದರ ಬದಲು "ಶನಿವಾರ ಬೆಳಗ್ಗೆ ನನಗೆ ಬಿಡುವಿದೆ. ಅಮ್ಮನ ಹತ್ರ ಕೂರ್ಲಾ, ಇಲ್ಲಾ ನಿನ್ನ ಹೊರಗಿನ ಕೆಲಸ ಮುಗಿಸಿಕೊಂಡು ಬರ್ಲಾ?" ಎಂದು ಎರಡರಲ್ಲಿ ಒಂದನ್ನು ಆರಿಸಲು ಬಿಟ್ಟರೆ ಸಾಕು. ಬಿಚ್ಚುವ ಕೆಲಸವನ್ನು ನೀವೇ ಮಾಡಿಕೊಟ್ಟಂತಾಯಿತು, ಆಯ್ಕೆ ಇನ್ನೂ ಅವರ ಕೈಯಲ್ಲೇ ಉಳಿಯಿತು.

ಹಂಗು

ಕೊನೆಗೆ ಉಳಿಯುವುದು ಹಂಗಿನ ಭಯ. ಹಂಗಿನ ಅರಮನೆಗಿಂತ ಗುಡಿಸಲು ಮೇಲು ಎಂದು ಕೇಳುತ್ತಲೇ ಬೆಳೆದವರು ನಾವು. ಪಡೆದದ್ದನ್ನು ಹಿಂದಿರುಗಿಸಬೇಕು ಎಂಬ ನಿಯಮ ಹೆಚ್ಚುಕಡಿಮೆ ಎಲ್ಲ ಸಮಾಜಗಳಲ್ಲೂ ಇದೆ ಎಂದು ಸಮಾಜಶಾಸ್ತ್ರಜ್ಞ ಆಲ್ವಿನ್ ಗೌಲ್ಡ್ನರ್ 1960ರಲ್ಲೇ ವಾದಿಸಿದ್ದರು. ಹಾಗಾಗಿ ಈ ಭಯ ಸುಳ್ಳಲ್ಲ. ಆದರೆ ಹಂಗು ಹುಟ್ಟುವುದು ಅಳತೆಯಿಲ್ಲದ, ಕೊನೆಯಿಲ್ಲದ ಸಹಾಯದಿಂದ. ನಾಲ್ಕರಿಂದ ಆರರವರೆಗೆ ಎಂದು ಗೆರೆ ಎಳೆದ ಸಹಾಯದಲ್ಲಿ ಅದು ಕಡಿಮೆ. ಕೂಡಲೇ ಏನಾದರೂ ಕೊಟ್ಟು ಲೆಕ್ಕ ಚುಕ್ತಾ ಮಾಡಲು ಹೊರಟರೆ ಎದುರಿನವರಿಗೆ ಬಾಡಿಗೆಗೆ ಬಂದಂತೆ ಅನ್ನಿಸುತ್ತದೆ. ಹತ್ತು ಸಲ ಕ್ಷಮೆ ಕೇಳಿದರೆ ನಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ಪಾಲಿಗೇ ಬರುತ್ತದೆ.

ಇವೆರಡರ ಬದಲು ನಾನು ಕಲಿತದ್ದು ಆಮೇಲೆ ಏನಾಯಿತೆಂದು ತಿಳಿಸುವುದನ್ನು. ತಾವು ಮಾಡಿದ್ದು ಎಲ್ಲಿಗೆ ಮುಟ್ಟಿತು ಎಂಬುದು ಸಹಾಯ ಮಾಡಿದವರಿಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಅಕ್ಕ ಕಪಾಟು ತೆರೆದು ಹೊದಿಕೆ ನೋಡಿದ ದಿನ ರಾತ್ರಿ ಅವರಿಗೆ ಕಳಿಸಿದೆ: "ಮೀಟಿಂಗಲ್ಲಿ ಒಂದ್ಸಲಾನೂ ಎದ್ದು ಹೋಗ್ಬೇಕಾಗ್ಲಿಲ್ಲ ಅಕ್ಕ, ವರದಿ ಮುಗೀತು. ನಿಮ್ಮ ಸ್ಕೂಲ್ ದಿನದ ಕತೆನ ಅಮ್ಮ ನನಗೆ ಎರಡು ಸಲ ಹೇಳಿದ್ರು. ಬಟ್ಟೆ ಮತ್ತೆ ಮಡಚಿದ್ದು ನನ್ನ ಹುಚ್ಚು, ಮನಸ್ಸಿಗೆ ಹಚ್ಕೋಬೇಡಿ."

ಬಟ್ಟೆಯ ಮಾತಿಗೆ ಅವರು ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಂದು ಸಾಲು ಬಂತು: "ಮುಂದಿನ ಗುರುವಾರ ಮೂರೂವರೆಗೇ ಬರ್ಲಾ? ಕತೆ ಇನ್ನೂ ಮುಗಿದಿಲ್ಲ."